ರಕ್ತಕ್ಕೆ ಹೆದರದ ಪೈಲ್ವಾನ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ತಾಳಿಕೊಳ್ಳುವ ಶಕ್ತಿ ಇದ್ದವನೂ ನೆರವು ಪಡೆದರೆ ಅದು ಹೇಡಿತನವಲ್ಲವೆ?”

ಗುರುಗಳು ಒಂದು ಕತೆ ಹೇಳತೊಡಗಿದರು.

ಒಬ್ಬ ಪೈಲ್ವಾನನಿದ್ದ. ಅವನ ಬೆನ್ನಿಗೆ ಗರಡಿಯ ಮಣ್ಣು ಮೆತ್ತಿಸಿದವರು ಯಾರೂ ಇರಲಿಲ್ಲ. ಅಂಥವನ ಮೂಗಿನಲ್ಲಿ ದುರ್ಮಾಂಸ ಬೆಳೆದು ಉಸಿರು ಕಟ್ಟತೊಡಗಿತು. ಮಲಗಲಾಗದೆ ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದ. ಕೊನೆಗೆ ಹೆಂಡತಿ ಅವನನ್ನು ಒಪ್ಪಿಸಿ ವೈದ್ಯೆಯೊಬ್ಬರ ಬಳಿ ಕರೆದೊಯ್ದಳು.

ವೈದ್ಯೆ ಪರೀಕ್ಷಿಸಿ, ಶಸ್ತ್ರಕ್ರಿಯೆ ಆಗಬೇಕು ಎಂದರು. ರಕ್ತ ಹೆಚ್ಚು ಹರಿಯದಂತೆ ಒಂದು ಔಷಧಿ ಉಂಟು, ಅದನ್ನು ಆ ಹೊತ್ತಿಗೂ ಆಮೇಲೂ ಕೊಡುತ್ತೇನೆ ಎಂದರು.

ಪೈಲ್ವಾನ ನಕ್ಕ. “ಡಾಕ್ಟರಮ್ಮ, ನಾನು ಹರಿಸದ ರಕ್ತವೆ? ರಕ್ತಕ್ಕೆ ಅಂಜಿ ಔಷಧಿ ತೆಗೆದುಕೊಂಡ ಎಂದು ಗರಡಿಯವರು ಆಡಿಕೊಳ್ಳುತ್ತಾರೆ. ಅದೊಂದು ಬೇಡ.”

ವೈದ್ಯೆ ಬಗೆಬಗೆಯಾಗಿ ತಿಳಿಹೇಳಿದರು. ಅವನು ಜಗ್ಗಲಿಲ್ಲ. ಔಷಧಿಯಿಲ್ಲದೆಯೂ ಮಾಡಿದ್ದುಂಟು, ನೋಡೋಣ ಎಂದು ಕೊನೆಗೆ ವೈದ್ಯೆಯೇ ಅರೆಮನಸ್ಸಿನಿಂದ ಒಪ್ಪಿದರು.

ಅರಿವಳಿಕೆ ಇಳಿದು ಪೈಲ್ವಾನ ಕಣ್ಣು ತೆರೆದಾಗ ಮೂಗಿನ ತುಂಬ ಬಟ್ಟೆ ತುರುಕಿದ್ದರು. ಹೆಂಡತಿ ಮಂಚದ ಬಳಿ ಅವನ ಕಾಲು ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ಕಳೆ ಇರಲಿಲ್ಲ.

“ಮುಗಿಯಿತೆ?” ಎಂದು ಕೇಳಿದ.

“ಅರ್ಧಕ್ಕೇ ನಿಲ್ಲಿಸಿದೆ” ಎಂದರು ವೈದ್ಯೆ. “ಕಣ್ಣಿಗೂ ಮೂಗಿಗೂ ನಡುವೆ ಇರುವ ಮೂಳೆ ಈರುಳ್ಳಿ ಸಿಪ್ಪೆಯಷ್ಟು ತೆಳು. ರಕ್ತ ತುಂಬಿಕೊಂಡು ಅದು ನನಗೆ ಕಾಣದಾಯಿತು. ಕಾಣದೆ ಕೈಯಾಡಿಸಿದ್ದರೆ ನಿಮ್ಮ ಕಣ್ಣೇ ಹೋಗುತ್ತಿತ್ತು.”

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೆ ಅವನ ಕಣ್ಣ ಮುಂದೆ ಬೆರಳು ಹಿಡಿದು, ಕಾಣುತ್ತದೆಯೆ ಎಂದು ಮೂರು ಸಲ ಕೇಳಿದರು. ಪೈಲ್ವಾನ ಆ ಕೈಯನ್ನೇ ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ. ತನ್ನ ಮೈಯ ಗಾಯ ತನ್ನೊಬ್ಬನದೇ ಎಂದು ಅವನು ಅದುವರೆಗೂ ತಿಳಿದಿದ್ದ.

ಗಾಯ ಮಾಗಿದ ಮೇಲೆ ಅವನೇ ಮತ್ತೆ ಬಂದು, “ಆ ಔಷಧಿ ಕೊಡಿ ತಾಯಿ” ಎಂದ. ಎರಡನೆಯ ಸಲದ ಶಸ್ತ್ರಕ್ರಿಯೆಯಲ್ಲೂ ರಕ್ತ ಬಂತು, ಆದರೆ ಆ ಮೂಳೆ ಮರೆಯಾಗುವಷ್ಟು ಬರಲಿಲ್ಲ. ವೈದ್ಯೆ ನೋಡಿ ನೋಡಿ, ನಿಧಾನವಾಗಿ ಕೆಲಸ ಮುಗಿಸಿದರು. ಆಮೇಲೂ ಅವರು ಹೇಳಿದಷ್ಟು ದಿನ ಅವನು ಔಷಧಿ ತೆಗೆದುಕೊಂಡ. ಮೂಗಿಗೆ ಹಿಡಿದ ಬಟ್ಟೆಯಲ್ಲಿ ಕಲೆ ಮಾತ್ರ ಕಾಣುತ್ತಿತ್ತು. ಗಾಯ ಒಣಗಿದ ಮೇಲೆ ಅವನು ಚಾಪೆಯ ಮೇಲೆ ಮೈಚಾಚಿ ಮಲಗಿದ. ಅವನ ಉಸಿರು ಸರಾಗವಾದದ್ದನ್ನು ಕೇಳಿಸಿಕೊಂಡು ಹೆಂಡತಿಯೂ ನಿದ್ದೆಹೋದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, “ಆದರೂ ಮೊದಲ ಸಲ ಅವನು ಹೆದರಲಿಲ್ಲವಲ್ಲ ಗುರುಗಳೇ, ಅದು ಧೈರ್ಯವಲ್ಲವೆ?” ಎಂದ.

ಗುರುಗಳು ಹೇಳಿದರು: “ಅವನು ಹೆದರಲಿಲ್ಲ, ನಿಜ. ಆದರೆ ಅವನ ಪಾಲಿನ ಹೆದರಿಕೆಯನ್ನು ಹೊತ್ತವರು ಯಾರು?”