ಗಡ್ಡೆ ಹುಡುಕುತ್ತಿದ್ದ ನೇಕಾರ

"ಗುರುಗಳೇ, ಮನೆಯಲ್ಲಿ ಎರಡು ಎಳೆಯ ಮಕ್ಕಳಿವೆ, ಊರ ತುಂಬ ರೋಗ ಹಬ್ಬಿದೆ. ನನಗೆ ಅನ್ನ ಇಳಿಯುತ್ತಿಲ್ಲ, ನಿದ್ದೆ ಹತ್ತುತ್ತಿಲ್ಲ. ಈ ಭಯವನ್ನು ನಾನು ಏನು ಮಾಡಲಿ?" ಎಂದು ಶಿಷ್ಯ ಗಾದಿಲಿಂಗ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಕತೆ ಹೇಳಿದರು.

ಹಿಂದೆ ಪ್ಲೇಗು ಬಂದ ಕಾಲ. ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಆ ಊರಲ್ಲಿ ಇಲಿ ಬೀಳತೊಡಗಿದವು. ಮನೆಯಲ್ಲಿ ಇಲಿ ಸತ್ತು ಬಿತ್ತೆಂದರೆ ಪ್ಲೇಗು ಬಂತೆಂದೇ ಅರ್ಥ. ಡಂಗುರ ಸಾರಿದರು. ಜನ ಮನೆಗಳಿಗೆ ಬೀಗ ಹಾಕಿ ಹೊಲಗಳಿಗೆ ಹೋಗಿ ಜೋಳದ ದಂಟಿನ ಗುಡಿಸಲು ಹಾಕಿಕೊಂಡರು. ನೇಕಾರನೂ ಹೆಂಡತಿ, ನಾಲ್ಕು ವರ್ಷದ ಮಗ, ಹಾಲು ಕುಡಿಯುವ ಹಸುಗೂಸು ಎಲ್ಲರನ್ನೂ ಕರೆದುಕೊಂಡು ಬಂದ. ಮಗ್ಗ ಮಾತ್ರ ಊರಲ್ಲೇ ಉಳಿಯಿತು. ನೆಲದ ಕುಣಿಯಲ್ಲಿ ಹೂತ ಮಗ್ಗವನ್ನು ಹೊತ್ತು ತರುವುದಾದರೂ ಹೇಗೆ?

ಬುದ್ಧಿ ಬಂದಾಗಿನಿಂದ ಸುಮ್ಮನೆ ಕೂತು ಗೊತ್ತಿಲ್ಲದ ಕೈ ಅವನದು. ಗುಡಿಸಲಿನಲ್ಲಿ ಆ ಕೈಗೆ ಏನು ಕೆಲಸ? ಮೂರನೆಯ ದಿನ ಒಂದು ಸಿಕ್ಕಿತು. ಪ್ಲೇಗು ತಗುಲಿದವರಿಗೆ ಕಂಕುಳಲ್ಲೋ ತೊಡೆಸಂದಿಯಲ್ಲೋ ಗಡ್ಡೆ ಏಳುತ್ತದೆಂದು ಯಾರೋ ಹೇಳಿದ್ದರು. ಎದ್ದವನೇ ಮಗನನ್ನು ಹತ್ತಿರಕ್ಕೆ ಎಳೆದುಕೊಂಡು ಎರಡೂ ಕಡೆ ಒತ್ತಿ ನೋಡಿದ. ನೋವಾಗುತ್ತದೆಯೇ ಎಂದು ಕೇಳಿದ. ಮಗು ಕಚಗುಳಿಯಾಗಿ ಕಿಲಕಿಲ ನಕ್ಕಿತು. ಗಡ್ಡೆ ಇರಲಿಲ್ಲ. ಹೋದ ಜೀವ ಬಂದಂತಾಯಿತು. ಆದರೆ ಪುಣ್ಯಾತ್ಮನಿಗೆ ಆ ಸಮಾಧಾನ ಊಟದ ಹೊತ್ತಿನವರೆಗೂ ಉಳಿಯಲಿಲ್ಲ. ಮತ್ತೆ ಒತ್ತಿ ನೋಡಿದ. ಸಂಜೆ ಮತ್ತೆ ನೋಡಿದ. ಆಮೇಲೆ ಅದಕ್ಕೆ ಹೊತ್ತುಗೊತ್ತೇ ಇಲ್ಲವಾಯಿತು.

ಒಂದು ದಿನ ಮಗು ಪಕ್ಕದ ಗುಡಿಸಲಿನ ಮಕ್ಕಳೊಂದಿಗೆ ಆಡಲು ಹೋಗಿ, ಬಿದ್ದು, ಮಂಡಿ ತರಚಿಕೊಂಡು ಬಂದು ನೋವು ಎಂದಿತು. ಆ ಒಂದು ಮಾತಿಗೆ ಇವನ ಮುಖ ಬಿಳಿಚಿಕೊಂಡಿತು. ಮಗುವನ್ನು ಬಾಚಿ ತಬ್ಬಿಕೊಂಡು ಗೋಳೋ ಎಂದು ಅತ್ತ. ಆಡಲು ಬಿಟ್ಟವಳು ನೀನೇ ಎಂದು ಹೆಂಡತಿಗೆ ಬಾಯಿಗೆ ಬಂದಂತೆ ಬೈದ. ಅವಳಿಗೇನು ಭಯವಿರಲಿಲ್ಲವೇ? ಇತ್ತು, ಒಲೆಯ ಮುಂದೆ ಕೂತು ನುಂಗಿಕೊಳ್ಳುತ್ತಿದ್ದಳು. ಸಂಜೆ ಆದರೆ ಸುತ್ತಲಿನ ಗಂಡಸರು ಬೇವಿನ ಮರದ ಕೆಳಗೆ ಸೇರುತ್ತಿದ್ದರು. ಬಾರಪ್ಪ, ನಾಲ್ಕು ಮಾತಾಡೋಣ ಎಂದು ಇವನನ್ನೂ ಕರೆದರು. ಇವನು ಹೋಗಲಿಲ್ಲ. ಹೆದರಿಕೆಯಾಗುತ್ತಿದೆ ಎಂದು ನಾಲ್ಕು ಜನರೆದುರು ಹೇಳಿಕೊಳ್ಳುವುದೇ, ಮಾನ ಉಳಿಯುತ್ತದೆಯೇ ಎಂದುಕೊಂಡ. ಮಗನನ್ನು ಆಡಲು ಬಿಡುವುದನ್ನೂ ನಿಲ್ಲಿಸಿ ಗುಡಿಸಲಿನ ಮೂಲೆಯಲ್ಲಿ ಕೂರಿಸಿದ.

ಎರಡು ವಾರ ಕಳೆಯಿತು. ಈಗ ಮಗು ನಗುತ್ತಿರಲಿಲ್ಲ. ಅಪ್ಪ ಹತ್ತಿರ ಬಂದರೆ ತಾನೇ ಎರಡೂ ಕೈ ಮೇಲೆತ್ತಿ ನಿಲ್ಲುತ್ತಿತ್ತು. ಅವನು ಕೇಳುವ ಮೊದಲೇ ನೋವಿಲ್ಲ ಎನ್ನುತ್ತಿತ್ತು. ಅದನ್ನು ಕೇಳಿ ನೇಕಾರನಿಗೆ ಒಂದು ಗಳಿಗೆ ಹಗುರವಾಗುತ್ತಿತ್ತು.

ಒಂದು ಮುಂಜಾನೆ ಮಗನ ತೊಡೆಸಂದಿಯಲ್ಲಿ ಗಂಟು ಕೈಗೆ ಸಿಕ್ಕಿತು. ಅಡಿಕೆಯಷ್ಟು ದಪ್ಪ. ಮೈಯೂ ಸುಡುತ್ತಿತ್ತು. ನೇಕಾರ ಹಸುಗೂಸನ್ನು ಎತ್ತಿಕೊಂಡು ದೂರ ಹೋಗೆಂದು ಹೆಂಡತಿಗೆ ಹೇಳಿ, ಮಗನ ಪಕ್ಕ ಕುಸಿದು ಕೂತ. ವಿಷಯ ತಿಳಿದ ಮೇಲೆ ಆ ಗುಡಿಸಲಿನ ಕಡೆ ಯಾರೂ ಸುಳಿಯಲಿಲ್ಲ. ಮುದುಕಿ ಸೂಲಗಿತ್ತಿ ಒಬ್ಬಳು ಮಾತ್ರ ಬಂದಳು. ಗಂಟನ್ನು ಮುಟ್ಟಿದಳು. ಅಲ್ಲಿಂದ ತೊಡೆ, ಮಂಡಿ, ಮೀನಖಂಡ ಒತ್ತಿ ನೋಡುತ್ತ ಪಾದಕ್ಕೆ ಇಳಿದಳು. ಅಂಗಾಲು ಕೆಂಪಗೆ ಬಾತಿತ್ತು. ಜಾಲಿಮುಳ್ಳು ಮುರಿದು ಒಳಗೇ ಉಳಿದು ಕೀವಾಗಿತ್ತು. ಸೂಜಿಯಿಂದ ಬಿಡಿಸಿ ತೆಗೆದಳು. ಕಾಲಲ್ಲಿ ಕೀವಾದರೆ ತೊಡೆಸಂದಿಯಲ್ಲಿ ಗಂಟು ಕಟ್ಟುತ್ತದೆ, ಇದು ಪ್ಲೇಗಲ್ಲ, ಆದರೆ ಇನ್ನೆರಡು ದಿನ ಬಿಟ್ಟಿದ್ದರೆ ಕಾಲೇ ಹೋಗುತ್ತಿತ್ತು ಎಂದು ಗದರಿದಳು. ಕಾಲುಮಡಿಯಲು ಹೊಲದಂಚಿಗೆ ಹೋದಾಗ ಚುಚ್ಚಿದ ಮುಳ್ಳು ಅದು. ಚುಚ್ಚಿ ಐದು ದಿನವಾಗಿತ್ತು. ಆ ಐದು ದಿನದಲ್ಲಿ ನೋವಿದೆಯೇ ಎಂದು ನೇಕಾರ ಕೇಳಿದ್ದು ಒಂದು ಸಲವೇ, ಎರಡು ಸಲವೇ!

"ಯಾಕೋ ಕಂದಾ, ನನಗೆ ಹೇಳಲಿಲ್ಲ?" ಎಂದ.

"ನೋವು ಅಂದ್ರೆ ನೀನು ಅಳ್ತೀಯಲ್ಲಪ್ಪಾ" ಎಂದಿತು ಮಗು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಗಾದಿಲಿಂಗನಿಗೆ ತಡೆಯಲಾಗಲಿಲ್ಲ. ಅಂಥ ಕಾಲದಲ್ಲಿ ಎಳೆಯ ಮಕ್ಕಳ ತಂದೆ ಹೆದರದೆ ಇರುವುದು ಹೇಗೆ, ಅದನ್ನೂ ತಪ್ಪೆಂದರೆ ಹೇಗೆ ಎಂದು ಕೇಳಿಯೇ ಬಿಟ್ಟ. ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

"ಹೆದರಲಿ ಬಿಡಯ್ಯಾ, ಯಾರು ಬೇಡ ಅಂದರು, ಸುತ್ತ ಅಷ್ಟು ಜನ ದೊಡ್ಡವರಿರುವಾಗ ಆ ಹೆದರಿಕೆಯನ್ನು ತಂದು ನಾಲ್ಕು ವರ್ಷದ ಕೂಸಿನ ತಲೆ ಮೇಲೆ ಹೊರಿಸಿದನಲ್ಲ."