ಬಚ್ಚಿಟ್ಟಿದ್ದನ್ನೂ ಹುಡುಕು

ಪಟ್ಟಣ ಪಂಚಾಯಿತಿ ಕಂಪ್ಯೂಟರಿಗೆ ವೈರಸ್ ಹೊಕ್ಕಿತು. ಸಾಹೇಬರು ಸಭೆ ಕರೆದು, ಎಲ್ಲರೆದುರು ಗುಮಾಸ್ತ ಚೌಡಪ್ಪನ ಮೇಲೆ ಹರಿಹಾಯ್ದರು.

“ಯಾರು ತಂದಿದ್ದು ಅಂತ ಈಗಲೇ ತೋರಿಸು. ಇಲ್ಲಾಂದ್ರೆ ನಾಳೆಯಿಂದ ಬರಬೇಡ.”

ಸಿಟ್ಟು ಮಾಡಿಕೊಳ್ಳೋಕೂ ಚೌಡಪ್ಪನಿಗೆ ತ್ರಾಣ ಇರಲಿಲ್ಲ. ಊಟವಾದ ಮೇಲೆ ದಿನಾ ಪೆನ್‌ಡ್ರೈವ್ ಚುಚ್ಚಿ ಕದ್ದ ಸಿನಿಮಾ ನೋಡ್ತಿದ್ದವರು ಸಾಹೇಬರೇ. ಅದನ್ನ ಹೇಳಿದರೂ ಕೆಲಸ ಹೋಗುತ್ತೆ, ಹೇಳದಿದ್ದರೂ ಹೋಗುತ್ತೆ.

ಆಕಳಿಸುತ್ತಾ ಆಂಟಿವೈರಸ್ ತೆರೆದ. ಬಚ್ಚಿಟ್ಟ ಫೈಲುಗಳನ್ನೂ, ಚುಚ್ಚಿದ ಪೆನ್‌ಡ್ರೈವುಗಳನ್ನೂ ಜಾಲಾಡುವಂತೆ ಗುರುತು ಹಾಕಿದ. ಆಮೇಲೆ ಕಂಪ್ಯೂಟರನ್ನು ಗೋಡೆಯ ದೊಡ್ಡ ಟಿವಿಗೆ ಜೋಡಿಸಿದ.

“ಎಲ್ಲರ ಪೆನ್‌ಡ್ರೈವೂ ಹಾಕಿ ನೋಡೋಣ ಸಾರ್. ಒಳಗೆ ಏನೇನಿದೆಯೋ ಎಲ್ಲಾ ಹೆಸರು ಸಮೇತ ಟಿವೀಲಿ ಬರುತ್ತೆ. ಮೊದಲು ತಮ್ಮದು ಕೊಡಿ.”

ಸಾಹೇಬರ ಕೈ ಜೇಬಿನ ಮೇಲೆ ಹೋಯಿತು.

“ಬೇಡ ಬಿಡಪ್ಪ. ಇದು ಹಿಂದಿನ ಸಾಹೇಬರ ಕಾಲದ ವೈರಸ್ಸು.”

“ಅವರು ವರ್ಗವಾಗಿ ಹೋದ ಮೇಲೆ ಬಂದ ಕಂಪ್ಯೂಟರ್ ಸಾರ್ ಇದು.”

ಸಾಹೇಬರು ಬೆವರು ಒರೆಸಿಕೊಂಡರು. “ಅವರ ಕುರ್ಚಿ ಇಲ್ಲೇ ಇದೆಯಲ್ಲ, ಅದರಿಂದ ಅಂಟಿರಬೇಕು. ನೀನು ನಾಳೆ ಎಂದಿನಂತೆ ಬಾ.”

“ಹೌದು ಸಾರ್, ಬಂದಿದ್ದು ಆ ಕುರ್ಚಿಯಿಂದಲೇ” ಅಂದ ಚೌಡಪ್ಪ.

ಸಾಹೇಬರು ಕೂತಿದ್ದು ಅದರಲ್ಲೇ.