ಬೆಟ್ಟ ಅಳೆದ ಬೇಳೆ

ಪಾಳೇಗಾರ ಬಿಲ್ಲಪ್ಪನಾಯಕನಿಗೆ ಎರಡು ಹುಚ್ಚು. ಸೀಮೆಗೆಲ್ಲ ತನ್ನ ಕೋಟೆಬೆಟ್ಟವೇ ಎತ್ತರ ಅನ್ನಿಸಿಕೊಳ್ಳಬೇಕು. ಊಟ ಕೆಟ್ಟರೆ ಅಡುಗೆಯವನನ್ನು ಬಂಡೆಯ ಅಂಚಿನಿಂದ ಕೆಳಕ್ಕೆ ತಳ್ಳಿಸಬೇಕು.

ಅವತ್ತು ಎದುರುಬೆಟ್ಟದ ಬೀಗರು ಊಟಕ್ಕೆ ಕೂತಿದ್ದರು. ಅಡುಗೆ ಸೂರಪ್ಪನಿಗೆ ಗಡಿಬಿಡಿಯಲ್ಲಿ ಒಲೆ ಆರಿದ್ದೇ ತಿಳಿಯಲಿಲ್ಲ. ನಾಯಕನ ಹಲ್ಲಿಗೆ ಬೇಳೆ ಕಟಕ್ಕೆಂದಿತು.

"ಇವನನ್ನು ಬಂಡೆಗೆ ಒಯ್ಯಿರಿ."

ಆಳುಗಳು ರಟ್ಟೆ ಹಿಡಿದರು. ಹೋದ ತಿಂಗಳು ಬೆಟ್ಟ ಅಳೆಯಲು ಬಂದಿದ್ದ ಸರ್ವೆ ಸಾಹೇಬ ಕೋಟೆಯ ಅಡುಗೆಮನೆಗೇ ಬಂದು ಒಲೆಯ ಮೇಲೆ ನೀರು ಕುದಿಸಿ, ಕಾವು ಅಳೆಯುವ ಗಾಜಿನ ಕಡ್ಡಿ ಅದ್ದಿ ನೋಡಿದ್ದು ಸೂರಪ್ಪನಿಗೆ ಫಕ್ಕನೆ ನೆನಪಾಯಿತು.

"ಬುದ್ಧೀ, ಸಾಹೇಬರು ಬೆಟ್ಟದ ಎತ್ತರ ಅಳೆದಿದ್ದು ನನ್ನ ಒಲೆ ಮೇಲೇ. ಎತ್ತರ ಹೆಚ್ಚಿದಷ್ಟೂ ಕುದಿಯೋ ನೀರಿನ ಕಾವು ಕಮ್ಮಿಯಂತೆ, ಬೇಳೆ ಬೇಯೋದೇ ಕಷ್ಟವಂತೆ." ಕೈ ಜೋಡಿಸಿ ಬೀಗರತ್ತ ತಿರುಗಿದ. "ತಮ್ಮ ಬೆಟ್ಟದ ಮೇಲೆ ಬೇಳೆ ಹೆಂಗೆ ಬೇಯುತ್ತೆ ಬುದ್ಧೀ?"

"ನಮ್ಮಲ್ಲಿ ಬೆಣ್ಣೆಯಂಗೆ ಬೇಯುತ್ತೆ," ಅಂದರು ಬೀಗರು ಜಂಬದಿಂದ. ಅಂದಮೇಲೆ ಆಡಿದ ಮಾತಿನ ಅರ್ಥ ಹೊಳೆದು ಅವರ ಮುಖ ಇಳಿಯಿತು.

ನಾಯಕ ಮೀಸೆ ತಿರುವಿದ. ಬಾಯಲ್ಲಿದ್ದ ಬೇಳೆಯನ್ನು ಕಟಕಟ ಅಗಿದು ನುಂಗಿದ.

"ಅವನನ್ನು ಬಿಡಿ. ಬೀಗರಿಗೆ ಇನ್ನೊಂದು ಸೌಟು ಹಾಕಲಿ."

ಸೂರಪ್ಪ ಬದುಕಿದ. ಮಾರನೆಯ ದಿನ ಹುರುಪಿನಿಂದ ಬೇಳೆಯನ್ನು ಚೆನ್ನಾಗಿ ಬೇಯಿಸಿ ಬಡಿಸಿದ. ಒಂದು ತುತ್ತು ಬಾಯಿಗಿಟ್ಟ ನಾಯಕ ಎಲೆ ಬಿಟ್ಟೆದ್ದು ಕಿಟಕಿಯಿಂದ ಕೆಳಗೆ ಇಣುಕಿದ. ಆಮೇಲೆ ಮೆಲ್ಲಗೆ ಕೇಳಿದ:

"ಸೂರಪ್ಪಾ, ನನ್ನ ಬೆಟ್ಟ ತಗ್ಗಿಸಿದೋರು ಯಾರು?"

ಅವತ್ತಿನಿಂದ ಸೂರಪ್ಪ ಒಲೆಯ ಮುಂದೆ ಜೀವ ಕೈಯಲ್ಲಿ ಹಿಡಿದು ಕೂರುತ್ತಾನೆ, ಬೇಳೆ ಎಲ್ಲಿ ಬೆಂದುಬಿಡುತ್ತದೋ ಎಂದು.